ಅರೋರಾದ ಕರೆಂಟ್ ಹುಡುಕಿದ ಬಿರ್ಕೆಲಾಂಡ್

2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯ ರಾತ್ರಿ ಆಕಾಶ ಕೆಂಪಾಯಿತು. ಅಲ್ಲಿರುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಆ ಫೋಟೊ ಮುಂಡಗೋಡ ಕಡೆಯ ಮೊಬೈಲ್‌ಗಳಿಗೂ ಬಂತು. ಸನವಳ್ಳಿ ಜಲಾಶಯದ ಏರಿಯ ಮೇಲೆ ಕೂತು ಅದನ್ನು ನೋಡುತ್ತಿದ್ದಾಗ ಜೊತೆಗಿದ್ದವರೊಬ್ಬರು, ಹಿಮದ ಮೇಲೆ ಬಿದ್ದ ಬೆಳಕು ಆಕಾಶದಲ್ಲಿ ಪ್ರತಿಫಲಿಸಿರಬೇಕು ಎಂದರು. ಹಿಮಕ್ಕೂ ಅರೋರಾಕ್ಕೂ ಸಂಬಂಧವಿಲ್ಲ. ಅದು ವಿದ್ಯುತ್ತಿನ ಆಟ. ಇದನ್ನು ಹೇಳಿಯೂ ಬದುಕಿರುವಾಗ ಹೆಚ್ಚಿನವರನ್ನು ಒಪ್ಪಿಸಲಾಗದೆ ಹೋದವರು ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡ್.

ಹುಟ್ಟಿದ್ದು 1867ರಲ್ಲಿ, ಈಗಿನ ಓಸ್ಲೋದಲ್ಲಿ. 1899ರ ಚಳಿಗಾಲ ಅವರು ನಾರ್ವೆಯ ಉತ್ತರದ ಹಾಲ್ದೆ ಬೆಟ್ಟದ ನೆತ್ತಿಯಲ್ಲಿ ಉಪಕರಣಗಳೊಂದಿಗೆ ಬೀಡುಬಿಟ್ಟರು. ಹಿಮಕುಸಿತದಲ್ಲಿ ತಂಡದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಆದರೂ 1902–03ರಲ್ಲಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್, ನೊವಾಯಾ ಜೆಮ್ಲ್ಯಾ ಹೀಗೆ ನಾಲ್ಕು ಕಡೆ ಠಾಣೆ ಹೂಡಿದರು. ಅರೋರಾ ಜೋರಾದಾಗ ಕಾಂತಸೂಜಿಗಳು ಅಲುಗುತ್ತಿದ್ದವು. ಅಂದರೆ ಮೇಲೆ ಕರೆಂಟ್ ಹರಿಯುತ್ತಿದೆ. ಅದು ಭೂಮಿಯ ಕಾಂತರೇಖೆಗಳ ಗುಂಟ ಬಾಹ್ಯಾಕಾಶದಿಂದ ಇಳಿದು, ಮತ್ತೆ ಮೇಲಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಕಾಂತೀಯ ಗೋಳವಿಟ್ಟು, ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಪುಟ್ಟ ಅರೋರಾವನ್ನೇ ಮಾಡಿ ತೋರಿಸಿದರು.

ಇದಕ್ಕೆಲ್ಲ ದುಡ್ಡು ಬೇಕಿತ್ತು. ವಿದ್ಯುತ್ ಫಿರಂಗಿಯೊಂದನ್ನು ಮಾಡಿದರು. 1903ರ ಪ್ರದರ್ಶನದಲ್ಲಿ ಅದು ಶಾರ್ಟ್ ಆಗಿ ಮಾನ ಹೋಯಿತು. ಆ ಕಿಡಿಯೇ ದಾರಿ ತೋರಿತು ಎನ್ನಬೇಕು. ವಿದ್ಯುತ್ ಕಿಡಿಯಿಂದ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ವಿಧಾನ ರೂಪಿಸಿದರು, 1905ರಲ್ಲಿ ನೋರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿತು. ನೊಬೆಲ್‌ಗೆ ಹಲವು ಸಲ ಹೆಸರು ಹೋಯಿತು, ಬರಲಿಲ್ಲ. ನಿದ್ದೆ ಬಾರದ ಕಾಯಿಲೆಗೆ ವೆರೋನಾಲ್ ಮಾತ್ರೆಗೆ ಒಗ್ಗಿಹೋಗಿದ್ದ ಅವರು 1917ರ ಜೂನ್‌ನಲ್ಲಿ ಟೋಕಿಯೊದ ಹೋಟೆಲ್ ಕೋಣೆಯಲ್ಲಿ ತೀರಿಕೊಂಡರು. ಆಗ ವಯಸ್ಸು 49.

ನಂತರದ ದಶಕಗಳಲ್ಲಿ ಸಿಡ್ನಿ ಚಾಪ್ಮನ್ ಅವರ ಮಾತೇ ನಡೆಯಿತು: ಕರೆಂಟ್ ಮೇಲ್ವಾಯುಮಂಡಲದಲ್ಲೇ ಸುತ್ತುತ್ತದೆ, ಬಾಹ್ಯಾಕಾಶದಿಂದ ಬರುವುದಿಲ್ಲ. ಚಾಪ್ಮನ್ ಅವರನ್ನು ಹಟಮಾರಿ ಎನ್ನುವುದು ನ್ಯಾಯವಲ್ಲ. ನೆಲದ ಮೇಲಿನ ಸೂಜಿಯ ಅಲುಗಾಟವಷ್ಟನ್ನೇ ನೋಡಿದರೆ ಎರಡೂ ಚಿತ್ರಗಳು ಹೊಂದುತ್ತವೆ. ತೀರ್ಮಾನವಾಗಬೇಕಾದರೆ ಮೇಲಕ್ಕೇ ಹೋಗಬೇಕು.

ಮೇಲೆ ಹೋದರೂ ಅಳೆಯುವುದು ಸುಲಭವಲ್ಲ. ಅಲ್ಲಿರುವುದು ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಮತ್ತು ಅಯಾನುಗಳ ಅನಿಲ. ಅರೋರಾ ವಲಯದಲ್ಲಿ ಕೆಲವು ಸಾವಿರ ಕಿ.ಮೀ. ಎತ್ತರದಲ್ಲಿ ಕೆಲವೊಮ್ಮೆ ಒಂದು ಘನ ಸೆಂಟಿಮೀಟರ್‌ಗೆ ಒಂದು ಎಲೆಕ್ಟ್ರಾನ್ ಕೂಡ ಸಿಗುವುದಿಲ್ಲ. ಕಣ ಹಿಡಿಯಲು ಲೋಹದ ಕಡ್ಡಿ ಚಾಚಿದರೆ, ಬಿಸಿಲು ತಾಗಿ ಉಪಗ್ರಹದ ಮೈಯಿಂದಲೇ ಏಳುವ ಎಲೆಕ್ಟ್ರಾನ್‌ಗಳು ಲೆಕ್ಕ ಕೆಡಿಸುತ್ತವೆ. ಅದಕ್ಕೇ ಪ್ಲಾಸ್ಮಾದ ಸ್ವಂತ ಕಂಪನವನ್ನು ರೇಡಿಯೊ ಅಲೆಯಾಗಿ ಆಲಿಸುತ್ತಾರೆ. ಘನ ಸೆಂಟಿಮೀಟರ್‌ಗೆ ಒಂದು ಎಲೆಕ್ಟ್ರಾನ್ ಇದ್ದರೆ ಕಂಪನ ಸುಮಾರು 9 ಕಿಲೋಹರ್ಟ್ಸ್, ನಾಲ್ಕಿದ್ದರೆ 18.

ಕರೆಂಟ್ ಪತ್ತೆಗೆ ಕಣ ಎಣಿಸುವ ಅಗತ್ಯವೂ ಇಲ್ಲ, ಅದರ ಸುತ್ತಲಿನ ಕಾಂತಕ್ಷೇತ್ರ ಸಾಕು. ಅಮೆರಿಕದ ನೌಕಾಪಡೆ 1963ರಲ್ಲಿ ಹಾರಿಸಿದ ಉಪಗ್ರಹವೊಂದರ ಕಾಂತಮಾಪಕ, ಅರೋರಾ ವಲಯ ದಾಟುವಾಗ ಕ್ಷೇತ್ರ ಓರೆಯಾಗುವುದನ್ನು ದಾಖಲಿಸಿತು. 1970ರ ದಶಕದಲ್ಲಿ ಟ್ರಯಾಡ್ ಉಪಗ್ರಹದ ಅಳತೆಗಳು ಸಂಶಯ ಉಳಿಸಲಿಲ್ಲ. ಕಾಂತರೇಖೆಗಳ ಗುಂಟ ಇಳಿಯುವ, ಏರುವ ಆ ಹರಿವಿಗೆ ಈಗ ಪಠ್ಯಪುಸ್ತಕಗಳಲ್ಲಿ ಬಿರ್ಕೆಲಾಂಡ್ ಕರೆಂಟ್ ಎಂದೇ ಹೆಸರು.