ಕೈಯಲ್ಲಿದ್ದದ್ದು 200 ಹೆಸರು, ಪಾರು ಮಾಡಿದ್ದು ಸುಮಾರು 2000 ಜನರನ್ನು: ಇದು ವೇರಿಯನ್ ಫ್ರೈ ಕಥೆ

ಅದು 1940ರ ಆಗಸ್ಟ್ ತಿಂಗಳು. ಹಿಟ್ಲರನ ಸೇನೆಗೆ ಫ್ರಾನ್ಸ್ ಶರಣಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಆ ದೇಶದ ದಕ್ಷಿಣದ ಬಂದರು ನಗರ ಮಾರ್ಸೇಗೆ ಅಮೆರಿಕದ 32 ವರ್ಷದ ಪತ್ರಕರ್ತರೊಬ್ಬರು ಬಂದಿಳಿದರು. ಕಾಲಿಗೆ ಅಂಟಿಸಿಕೊಂಡಿದ್ದ 3000 ಡಾಲರ್ ಮತ್ತು ಸುಮಾರು 200 ಹೆಸರುಗಳ ಒಂದು ಪಟ್ಟಿ, ಇಷ್ಟೇ ಅವರ ಬಂಡವಾಳ. ಅವರೇ ವೇರಿಯನ್ ಫ್ರೈ.

1907ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಫ್ರೈ, ಹಾರ್ವರ್ಡ್‌ನಲ್ಲಿ ಓದಿದವರು. ಅವರು ಯಹೂದಿಯಲ್ಲ. ಆದರೆ 1935ರಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ಬೀದಿಯಲ್ಲಿ ಯಹೂದಿಗಳನ್ನು ಅಟ್ಟಾಡಿಸಿ ಹೊಡೆಯುವುದನ್ನು ಕಣ್ಣಾರೆ ಕಂಡಿದ್ದರು. ಆ ದೃಶ್ಯ ಅವರನ್ನು ಬಿಡಲಿಲ್ಲ.

ಫ್ರಾನ್ಸ್ ಸೋತಾಗ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಭಯಾನಕ ಷರತ್ತಿತ್ತು. ಜರ್ಮನಿ ಕೇಳಿದ ಜರ್ಮನ್ ನಿರಾಶ್ರಿತರನ್ನು ಫ್ರಾನ್ಸ್ ಹಿಡಿದು ಒಪ್ಪಿಸಬೇಕಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿಗಳು, ಲೇಖಕರು, ಕಲಾವಿದರು ಬಲೆಗೆ ಬಿದ್ದಂತಾಯಿತು. ಇವರನ್ನು ಉಳಿಸಲು ಕೆಲವೇ ದಿನಗಳಲ್ಲಿ ನ್ಯೂಯಾರ್ಕ್‌ನಲ್ಲಿ ಎಮರ್ಜೆನ್ಸಿ ರೆಸ್ಕ್ಯೂ ಕಮಿಟಿ ಹುಟ್ಟಿಕೊಂಡಿತು. ಫ್ರೈ ಅದರ ಪ್ರತಿನಿಧಿಯಾಗಿ ಹೊರಟರು.

ಪಟ್ಟಿಯಲ್ಲಿದ್ದವರು ಹೆಸರಾಂತರು. ಆದರೆ ಅವರು ತಂಗಿದ್ದ ಹೋಟೆಲ್ ಮುಂದೆ ಸಾಲುಗಟ್ಟಿ ನಿಂತವರಲ್ಲಿ ಯಾರೂ ಹೆಸರು ಕೇಳಿರದ ಜನರೇ ಹೆಚ್ಚು. ಅವರನ್ನು ವಾಪಸ್ ಕಳುಹಿಸಲು ಫ್ರೈಗೆ ಮನಸ್ಸಾಗಲಿಲ್ಲ. ಕೆಲವೇ ವಾರಗಳ ಕೆಲಸಕ್ಕೆಂದು ಬಂದವರು 13 ತಿಂಗಳು ಉಳಿದುಬಿಟ್ಟರು.

ಹೊರಗೆ ನೋಡಿದರೆ ಅದು ಹಣ, ಊಟದ ನೆರವು ಕೊಡುವ ಪರಿಹಾರ ಕಚೇರಿ. ಒಳಗೆ ನಡೆಯುತ್ತಿದ್ದುದೇ ಬೇರೆ. ಆಸ್ಟ್ರಿಯಾದ ವ್ಯಂಗ್ಯಚಿತ್ರಕಾರ ಬಿಲ್ ಸ್ಪೀರಾ ನಕಲಿ ದಾಖಲೆ ತಯಾರಿಸುತ್ತಿದ್ದರು. ಮುಂದೆ ಅರ್ಥಶಾಸ್ತ್ರಜ್ಞರಾಗಿ ಜಗತ್ತಿಗೆ ಪರಿಚಿತರಾದ ಆಲ್ಬರ್ಟ್ ಹರ್ಷ್‌ಮನ್ ಕಳ್ಳದಾರಿಗಳನ್ನು ಹುಡುಕುತ್ತಿದ್ದರು. ಅಮೆರಿಕದ ಉಪ ಕಾನ್ಸುಲ್ ಹೈರಂ ಬಿಂಗಮ್ ನಿಯಮ ಸಡಿಲಿಸಿ ವೀಸಾ ಕೊಡುತ್ತಿದ್ದರು. ಪಿರನೀಸ್ ಬೆಟ್ಟ ದಾಟಿ ಸ್ಪೇನ್, ಅಲ್ಲಿಂದ ಲಿಸ್ಬನ್, ಬಳಿಕ ಹಡಗು. ಲೇಖಕ ಹೈನ್ರಿಶ್ ಮನ್ 69ರ ವಯಸ್ಸಿನಲ್ಲಿ ಆ ಬೆಟ್ಟವನ್ನು ನಡೆದೇ ದಾಟಿದರು.

1941ರಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಅವರನ್ನು ಪೊಲೀಸರು ಹಿಡಿದೊಯ್ದರು. ಸುದ್ದಿ ಜಗತ್ತಿಗೆಲ್ಲ ಗೊತ್ತಾದರೆ ಫ್ರಾನ್ಸ್ ಮಾನ ಹೋಗುತ್ತದೆ ಎಂದು ಫ್ರೈ ಫೋನಿನಲ್ಲೇ ಬೆದರಿಸಿ ಬಿಡಿಸಿದರು. ಮ್ಯಾಕ್ಸ್ ಅರ್ನ್ಸ್ಟ್, ಹನ್ನಾ ಅರೆಂಟ್, ನೊಬೆಲ್ ವಿಜೇತ ವಿಜ್ಞಾನಿ ಓಟೊ ಮೇಯರ್‌ಹಾಫ್ ಕೂಡ ಇವರ ತಂಡದ ನೆರವಿನಿಂದ ಪಾರಾದವರೇ. ಒಟ್ಟಾರೆ ಸುಮಾರು 2000 ಜನ ಬದುಕಿಕೊಂಡರು.

ಇದು ಅವರ ದೇಶಕ್ಕೇ ಇಷ್ಟವಾಗಲಿಲ್ಲ. ಅಮೆರಿಕ ಆಗಿನ್ನೂ ಯುದ್ಧಕ್ಕಿಳಿದಿರಲಿಲ್ಲ, ಫ್ರಾನ್ಸ್‌ನ ಹೊಸ ಸರ್ಕಾರದ ಜೊತೆ ಸಂಬಂಧ ಕೆಡಿಸಿಕೊಳ್ಳುವ ಮನಸ್ಸೂ ಅದಕ್ಕಿರಲಿಲ್ಲ. ಫ್ರೈ ಪಾಸ್‌ಪೋರ್ಟ್ ನವೀಕರಣವಾಗಲಿಲ್ಲ. 1941ರ ಆಗಸ್ಟ್ ಕೊನೆಯಲ್ಲಿ ಫ್ರೆಂಚ್ ಪೊಲೀಸರು ಅವರನ್ನು ಬಂಧಿಸಿ, ಗಡಿಗೆ ಒಯ್ದು ಹೊರಹಾಕಿದರು. ಕಳುಹಿಸಿದ ಕಮಿಟಿಯೂ ಅವರನ್ನು ದೂರವಿಟ್ಟಿತು.

ಫ್ರೈ ಸುಮ್ಮನಾಗಲಿಲ್ಲ. ಯುರೋಪಿನ ಯಹೂದಿಗಳ ನರಮೇಧ ನಡೆಯುತ್ತಿದೆ ಎಂದು 1942ರ ಡಿಸೆಂಬರ್‌ನಲ್ಲೇ ನ್ಯೂ ರಿಪಬ್ಲಿಕ್ ಪತ್ರಿಕೆಯಲ್ಲಿ ಬರೆದರು. ನಿರಾಶ್ರಿತರಿಗೆ ಬಾಗಿಲು ತೆರೆಯಿರಿ ಎಂದು ಕೇಳಿಕೊಂಡರು. ಬಾಗಿಲು ತೆರೆಯಲಿಲ್ಲ.

ಕೊನೆಗಾಲದಲ್ಲಿ ಅವರು ಕನೆಕ್ಟಿಕಟ್‌ನ ಶಾಲೆಯೊಂದರಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದರು. 1967ರಲ್ಲಿ ಫ್ರಾನ್ಸ್ ಲೀಜನ್ ಆಫ್ ಆನರ್ ಗೌರವ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, 59ನೇ ವಯಸ್ಸಿನಲ್ಲಿ ಫ್ರೈ ತೀರಿಕೊಂಡರು. ಯಹೂದಿಗಳನ್ನು ಉಳಿಸಿದ ಅನ್ಯಧರ್ಮೀಯರಿಗೆ ಇಸ್ರೇಲ್‌ನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ನೀಡುವ ಗೌರವ 1994ರಲ್ಲಿ ಸಂದಿತು. ಅದನ್ನು ಪಡೆದ ಮೊದಲ ಅಮೆರಿಕನ್ ಅವರೇ.

ಅವರನ್ನು ಕಳುಹಿಸಿದ್ದ ಕಮಿಟಿ 1942ರಲ್ಲಿ, ಐನ್‌ಸ್ಟೈನ್ ಪ್ರೇರಣೆಯಿಂದ ಶುರುವಾಗಿದ್ದ ಇನ್ನೊಂದು ಪರಿಹಾರ ಸಂಸ್ಥೆಯ ಜೊತೆ ಒಂದಾಯಿತು. ಅದೇ ಇಂದಿನ ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ. ಯುದ್ಧ, ಬರ, ಭೂಕಂಪದಿಂದ ನೆಲೆ ಕಳೆದುಕೊಂಡವರಿಗೆ ಅದು ಇಂದಿಗೂ ಹತ್ತಾರು ದೇಶಗಳಲ್ಲಿ ನೆರವಾಗುತ್ತಿದೆ. ಈಗ ನೆರವು ಪಡೆಯಲು ಯಾರೂ ಹೆಸರಾಂತರಾಗಿರಬೇಕಿಲ್ಲ. ಹೋಟೆಲ್ ಮುಂದಿನ ಆ ಸಾಲಿಗೆ ಫ್ರೈ ಅಂದೇ ಕೊಟ್ಟಿದ್ದ ಉತ್ತರವೂ ಅದೇ.