ಟೀಪು ಸುಲ್ತಾನರು ಮತ್ತು ಕಬ್ಬಿಣದ ರಾಕೆಟ್

ವಿದ್ಯಾರ್ಥಿ ಮಿತ್ರರೇ, ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಗೆ ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸ ಹೋಗಿರುತ್ತೀರಿ. ಎಂಟು ಮೂಲೆಗಳ ನಕ್ಷತ್ರಾಕಾರದ ಆ ಕೋಟೆಯನ್ನು ಕಟ್ಟಿಸಿದವರು ಹಜರತ್ ಟೀಪು ಸುಲ್ತಾನ್ ಶಹೀದರು. ಅವರ ಸೇನೆಯ ರಾಕೆಟ್ಟುಗಳಿಗೂ ನಮ್ಮ ವಿಜ್ಞಾನ ಪಾಠದ ಒಂದು ಸೂತ್ರಕ್ಕೂ ಹತ್ತಿರದ ನಂಟಿದೆ.

ಟೀಪು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದರು. ತಂದೆ ನವಾಬ್ ಹೈದರ್ ಅಲಿ, ತಾಯಿ ಫಾತಿಮಾ ಫಕ್ರುನ್ನಿಸಾ. ಬಾಲ್ಯದಿಂದಲೇ ಯುದ್ಧವಿದ್ಯೆಯ ಜೊತೆಗೆ ಓದಿನಲ್ಲೂ ಅವರಿಗೆ ಅಪಾರ ಆಸಕ್ತಿ. ಮುಂದೆ ಶ್ರೀರಂಗಪಟ್ಟಣದಲ್ಲಿ ದೊಡ್ಡ ಗ್ರಂಥಾಲಯವನ್ನೇ ಕೂಡಿಸಿದರು. 1780ರ ಪೊಳ್ಳಿಲೂರು ಯುದ್ಧದಲ್ಲಿ ತಂದೆ ಮಗ ಇಬ್ಬರೂ ಸೇರಿ ಇಂಗ್ಲಿಷರ ಕರ್ನಲ್ ಬೈಲಿಯ ಸೇನೆಯನ್ನು ಸೋಲಿಸಿದರು. ಅಲ್ಲಿ ಮೈಸೂರಿನ ರಾಕೆಟ್ಟುಗಳು ಹಾರಿದ್ದವು. 1782ರಲ್ಲಿ ಹೈದರ್ ಅಲಿ ತೀರಿಕೊಂಡ ಮೇಲೆ ಟೀಪು ಆಡಳಿತ ವಹಿಸಿಕೊಂಡರು. ಫತ್ಹುಲ್ ಮುಜಾಹಿದೀನ್ ಎಂಬ ಸೇನಾ ಕೈಪಿಡಿಯನ್ನು ಬರೆಸಿ, ಸೇನೆಯಲ್ಲಿ ರಾಕೆಟ್ ಪಡೆಗೂ ಸ್ಥಾನ ಕೊಟ್ಟರು.

ಅಂದಿನ ಯುರೋಪಿನಲ್ಲಿ ರಾಕೆಟ್ಟಿನ ಕೊಳವೆಯನ್ನು ಕಾಗದದಿಂದ ಮಾಡುತ್ತಿದ್ದರು. ಮೈಸೂರಿನದು ಕಬ್ಬಿಣದ ಕೊಳವೆ. ಕಬ್ಬಿಣ ಭಾರವಲ್ಲವೇ? ಹಾಗಿದ್ದೂ ಅದು ಹೆಚ್ಚು ದೂರ ಹಾರಿದ್ದು ಹೇಗೆ?

ಉತ್ತರ ನ್ಯೂಟನ್ನರ ಎರಡನೇ ನಿಯಮದಲ್ಲಿದೆ. ವಸ್ತುವಿನ ಮೇಲಿನ ಒಟ್ಟು ಬಲವನ್ನು ಅದರ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಉದಾಹರಣೆಗೆ, 1 ಕಿಲೋಗ್ರಾಂ ರಾಕೆಟ್ಟಿನ ಮೇಲೆ 10 ನ್ಯೂಟನ್ ಬಲ ಬಿದ್ದರೆ ವೇಗೋತ್ಕರ್ಷ ಪ್ರತಿ ಸೆಕೆಂಡಿನ ವರ್ಗಕ್ಕೆ 10 ಮೀಟರ್. ಕಬ್ಬಿಣದ್ದು 2 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಟ್ಟಿ ಕೊಳವೆ ಒಡೆಯದೆ ಹೆಚ್ಚು ಒತ್ತಡವನ್ನು ತಡೆಯುವುದರಿಂದ ಅನಿಲ ರಭಸದಿಂದ ಹೊರನುಗ್ಗುತ್ತದೆ. ಆಗ ಬಲ 60 ನ್ಯೂಟನ್ ಆದರೆ ವೇಗೋತ್ಕರ್ಷ 30. ಭಾರ ಎರಡು ಪಟ್ಟಾಯಿತು, ಬಲ ಆರು ಪಟ್ಟಾಯಿತು. ಮದ್ದು ಉರಿದು ದ್ರವ್ಯರಾಶಿ ಒಂದೂವರೆ ಕಿಲೋಗ್ರಾಮಿಗೆ ಇಳಿದಾಗ, ಬಲ ಅಷ್ಟೇ ಇದ್ದರೂ ವೇಗೋತ್ಕರ್ಷ 40ಕ್ಕೆ ಏರುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಟೀಪು ಹುತಾತ್ಮರಾದರು. ಗೆದ್ದವರು ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅದೇ ಮಾದರಿಯ ಮೇಲೆ ಪ್ರಯೋಗ ನಡೆಸಿ ಹೊಸ ರಾಕೆಟ್ ತಯಾರಿಸಿದರು. ನಮ್ಮಲ್ಲಿ ಆ ವಿದ್ಯೆ ಅಲ್ಲಿಗೇ ನಿಂತಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರದಷ್ಟು ರಾಕೆಟ್ಟುಗಳು ದೊರೆತವು.

ಮಿತ್ರರೇ, ಪೂರ್ವಜರ ಹೆಸರು ಹೇಳಿ ಹೆಮ್ಮೆಪಟ್ಟರಷ್ಟೇ ಸಾಲದು. ಅವರ ಕೈಯಲ್ಲಿದ್ದ ವಿದ್ಯೆಯನ್ನು ಇನ್ನೊಬ್ಬರು ಪರೀಕ್ಷಿಸಿ, ಅಳೆದು, ಬೆಳೆಸಿದರು. ಇನ್ನು ಮುಂದೆ ಆ ಕೆಲಸ ನಿಮ್ಮದು. ಇಂದೇ ಪುಸ್ತಕ ತೆರೆದು ಆ ಸೂತ್ರದ ಒಂದು ಲೆಕ್ಕವನ್ನಾದರೂ ಬಿಡಿಸಿರಿ.