ನಕ್ಷತ್ರಗಳ ತಾಪ ಲೆಕ್ಕ ಹಾಕಿದ ಹಳ್ಳಿ ಹುಡುಗ ಮೇಘನಾದ ಸಾಹಾ

1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಸೂರ್ಯಗ್ರಹಣ. ಹುಬ್ಬಳ್ಳಿ, ರಾಯಚೂರು ಕಡೆಯ ಊರುಗಳಲ್ಲಿ ಖಗ್ರಾಸ. ನಮ್ಮ ಕಲಬುರಗಿ, ಕಮಲಾಪುರದಲ್ಲಿ ಸೂರ್ಯ ಪೂರ್ತಿ ಮುಚ್ಚದಿದ್ದರೂ ಬಿಸಿಲು ಮಂಕಾಯಿತು. ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದು ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರಿಗೆ ನೆನಪಿರಬಹುದು. ನಾವು ಬಾಗಿಲು ಹಾಕಿಕೊಂಡ ಹೊತ್ತಿಗೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ವಿಜ್ಞಾನಿಗಳು ಸೂರ್ಯನ ಸುತ್ತಲಿನ ಪ್ರಭಾವಲಯದ ಕಡೆಗೆ ಉಪಕರಣ ತಿರುಗಿಸಿ ನಿಂತಿದ್ದರು. ಆ ದಿನಕ್ಕೆ ಇನ್ನೊಂದು ವಿಶೇಷವಿತ್ತು. ಸೂರ್ಯನ ಬೆಳಕನ್ನು ಓದುವ ಲೆಕ್ಕವನ್ನು ಜಗತ್ತಿಗೆ ಕೊಟ್ಟ ಮೇಘನಾದ ಸಾಹಾ ಅವರು ತೀರಿಕೊಂಡು ಅಂದಿಗೆ ಸರಿಯಾಗಿ 24 ವರ್ಷ.

ಸಾಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಇಂದಿನ ಬಾಂಗ್ಲಾದೇಶದ ಢಾಕಾ ಹತ್ತಿರದ ಶೇವರಾತಲಿ ಎಂಬ ಹಳ್ಳಿಯಲ್ಲಿ. ತಂದೆ ಜಗನ್ನಾಥ ಅವರದು ಸಣ್ಣ ಕಿರಾಣಿ ಅಂಗಡಿ. ಎಂಟು ಮಕ್ಕಳಲ್ಲಿ ಇವರು ಐದನೆಯವರು. ಅಕ್ಷರ ಬಂದರೆ ಸಾಕು, ಮಗ ಅಂಗಡಿಯಲ್ಲಿ ಕೂರಲಿ ಎಂಬುದು ತಂದೆಯ ಲೆಕ್ಕ. ಹುಡುಗನ ಬುದ್ಧಿ ಕಂಡ ಶಿಕ್ಷಕರೂ ಅಣ್ಣ ಜಯನಾಥನೂ ಅದಕ್ಕೆ ಒಪ್ಪಲಿಲ್ಲ. ಮಾಧ್ಯಮಿಕ ಶಾಲೆ ಇದ್ದದ್ದು ಸುಮಾರು 10 ಕಿಲೋಮೀಟರ್ ದೂರದ ಸಿಮುಲಿಯಾದಲ್ಲಿ. ಅಲ್ಲಿನ ವೈದ್ಯ ಅನಂತಕುಮಾರ ದಾಸ್ ತಮ್ಮ ಮನೆಯಲ್ಲಿ ಊಟ, ವಸತಿ ಕೊಟ್ಟರು. ತನ್ನ ತಟ್ಟೆ ತಾನೇ ತೊಳೆಯಬೇಕು, ಮನೆಯ ಹಸು ನೋಡಿಕೊಳ್ಳಬೇಕು, ಇಷ್ಟೇ ಕರಾರು. ಹುಡುಗ ಢಾಕಾ ಜಿಲ್ಲೆಗೇ ಮೊದಲಿಗನಾಗಿ ಪಾಸಾದ. ತಿಂಗಳಿಗೆ 4 ರೂಪಾಯಿ ವಿದ್ಯಾರ್ಥಿವೇತನ ಬಂತು. 1905ರಲ್ಲಿ ಢಾಕಾದ ಸರ್ಕಾರಿ ಕಾಲೇಜಿಯೇಟ್ ಶಾಲೆ ಸೇರಿದ.

ಅದೇ ವರ್ಷ ಬಂಗಾಳ ವಿಭಜನೆಯಾಯಿತು. ಗವರ್ನರ್ ಶಾಲೆಗೆ ಬಂದಾಗ ಪ್ರತಿಭಟಿಸಿದ ವಿದ್ಯಾರ್ಥಿಗಳಲ್ಲಿ ಮೇಘನಾದನೂ ಒಬ್ಬ. ಶಾಲೆಯಿಂದ ಹೊರಗೆ ಹಾಕಿದರು, ವಿದ್ಯಾರ್ಥಿವೇತನವೂ ಹೋಯಿತು. ಬಡವರ ಮನೆಯ ಹುಡುಗನಿಗೆ 4 ರೂಪಾಯಿ ಹೋಯಿತೆಂದರೆ ಓದೇ ಹೋದಂತೆ. ಆಗ ಕೈಹಿಡಿದದ್ದು ಢಾಕಾದ ಕಿಶೋರಿಲಾಲ್ ಜ್ಯುಬಿಲಿ ಶಾಲೆ, ಶುಲ್ಕವಿಲ್ಲದೆ ಸೇರಿಸಿಕೊಂಡಿತು. ಜೂಟ್ ಕಂಪನಿಯಲ್ಲಿ ತಿಂಗಳಿಗೆ 20 ರೂಪಾಯಿ ದುಡಿಯುತ್ತಿದ್ದ ಅಣ್ಣ ಅದರಲ್ಲಿ 5 ರೂಪಾಯಿ ತಮ್ಮನಿಗೆ ಕಳಿಸುತ್ತಿದ್ದ. 1909ರ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಪೂರ್ವ ಬಂಗಾಳಕ್ಕೇ ಮೊದಲಿಗನಾಗಿ ಆ ಹುಡುಗ ಎಲ್ಲರ ಋಣ ತೀರಿಸಿದ.

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು. ಗುರುಗಳು ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್. ಸಹಪಾಠಿ ಸತ್ಯೇಂದ್ರನಾಥ ಬೋಸ್. ಆದರೆ ಹಾಸ್ಟೆಲ್ಲಿನಲ್ಲಿ ಕೆಲವು ಹುಡುಗರು ಜಾತಿಯ ಕಾರಣಕ್ಕೆ ಇವರ ಜೊತೆ ಪಂಕ್ತಿಯಲ್ಲಿ ಕೂರಲು ಒಪ್ಪಲಿಲ್ಲ. ಪಂಕ್ತಿಭೇದದ ನೋವು ಎಂಥದ್ದೆಂದು ಬಸವಣ್ಣನವರ ಕಲ್ಯಾಣದ ಪಕ್ಕದಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ. ಆ ನೋವು ಸಾಹಾ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು. ಓದು ಮುಗಿದ ಮೇಲೆ ಸರ್ಕಾರಿ ಹಣಕಾಸು ಸೇವೆಯ ಪರೀಕ್ಷೆಗೆ ಕೂರಲು ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಕ್ರಾಂತಿಕಾರಿಗಳ ಸಂಪರ್ಕವಿದೆ ಎಂಬ ಸಂಶಯ. ಸೈಕಲ್ ತುಳಿದು ಮನೆಮನೆಗೆ ಹೋಗಿ ಪಾಠ ಹೇಳಿ ಹೊಟ್ಟೆ ಹೊರೆದರು. 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಇನ್ನು ಅವರ ಮುಖ್ಯ ಕೆಲಸದ ಮಾತು. ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಬಿಡಿಸಿದರೆ ಬಣ್ಣಗಳ ನಡುವೆ ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ತನ್ನದೇ ಗೆರೆ. 1868ರ ಆಗಸ್ಟ್ 18ರ ಗ್ರಹಣದಲ್ಲಿ ನಮ್ಮದೇ ಜಮಖಂಡಿಯಲ್ಲಿ ನಿಂತು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಇಂಥ ಹೊಳೆವ ಗೆರೆಗಳನ್ನು ಕಂಡಿದ್ದರು. ಗೆರೆಗಳೇನೋ ರಾಶಿ ರಾಶಿ ಸಿಕ್ಕವು, ಅರ್ಥ ಮಾತ್ರ ಕೂಡಿಬರಲಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂನ ಗೆರೆಗಳು ಸೂರ್ಯನ ಮೇಲ್ಪದರದಲ್ಲಿ ಬಹು ಎತ್ತರದವರೆಗೂ ಎದ್ದು ಕಾಣುವುದೇಕೆ? ರುಬಿಡಿಯಂ, ಸೀಸಿಯಂ ಸೂರ್ಯನಲ್ಲಿ ಕಾಣುವುದೇ ಇಲ್ಲವೇಕೆ?

ಸಾಹಾ ಹೇಳಿದ್ದು ಇದು. ಅನಿಲಕ್ಕೆ ಕಾವು ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಕಳೆದುಹೋದ ಎಲೆಕ್ಟ್ರಾನ್ ಮತ್ತೊಂದು ಅಯಾನನ್ನು ಸೇರುವುದೂ ಉಂಟು. ನಮ್ಮ ಶರಣಬಸವೇಶ್ವರ ಜಾತ್ರೆಯನ್ನು ನೆನೆಯಿರಿ: ಗದ್ದಲದಲ್ಲಿ ಒಂದು ಕೈ ಬಿಟ್ಟವನಿಗೆ ಮಗ್ಗುಲಲ್ಲೇ ಇನ್ನೊಂದು ಕೈ ಸಿಗುತ್ತದೆ, ಬಟಾಬಯಲಲ್ಲಿ ಬಿಟ್ಟರೆ ಒಬ್ಬಂಟಿ. ಸೂರ್ಯನ ಮೇಲ್ಪದರ ಅಂಥ ಬಯಲು. ಅಲ್ಲಿ ಒತ್ತಡ ತೀರ ಕಡಿಮೆ, ಅಯಾನುಗಳು ಅಯಾನುಗಳಾಗಿಯೇ ಉಳಿಯುತ್ತವೆ. ತಾಪ ಇಷ್ಟು, ಒತ್ತಡ ಇಷ್ಟು ಎಂದರೆ ನೂರಕ್ಕೆ ಎಷ್ಟು ಪರಮಾಣು ಒಡೆದಿರುತ್ತವೆ ಎಂಬುದನ್ನು ಅವರು ಒಂದೇ ಸಮೀಕರಣದಲ್ಲಿ ಬರೆದರು. 1920ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಅದನ್ನು ಅಚ್ಚು ಹಾಕಿತು. ಲೇಖಕನ ವಯಸ್ಸು 27.

ಅಂದಿನಿಂದ ನಕ್ಷತ್ರದ ಬೆಳಕಿನ ಗೆರೆ ನೋಡಿ ಅದರ ತಾಪ ಲೆಕ್ಕ ಹಾಕುವುದು ಸಾಧ್ಯವಾಯಿತು. ರುಬಿಡಿಯಂನ ಎಲೆಕ್ಟ್ರಾನ್ ಬಲು ಸುಲಭವಾಗಿ ಕಳಚುವುದರಿಂದ ಬಿಸಿ ಸೂರ್ಯನಲ್ಲಿ ಅದರ ಗೆರೆ ಕಾಣದು, ಕೊಂಚ ತಂಪಾದ ಸೌರಕಲೆಗಳಲ್ಲಿ ಹುಡುಕಿ ಎಂದರು ಸಾಹಾ. ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಹುಡುಕಿದರು, ಅಲ್ಲೇ ಸಿಕ್ಕಿತು. ಹೀಗೆ ಒಡೆದ ಅನಿಲಕ್ಕೆ ಲ್ಯಾಂಗ್‌ಮ್ಯೂರ್ ಪ್ಲಾಸ್ಮಾ ಎಂದು ಹೆಸರಿಟ್ಟದ್ದು ಆಮೇಲೆ, 1928ರಲ್ಲಿ. ನಮ್ಮ ತರಗತಿಯ ಟ್ಯೂಬ್‌ಲೈಟಿನೊಳಗೆ ಬೆಳಗುವುದೂ ಪ್ಲಾಸ್ಮಾವೇ. ಅದರೊಳಗೆ ತೆಳು ಲೋಹದ ತಂತಿ ಇಳಿಸಿ, ವೋಲ್ಟೇಜ್ ಬದಲಿಸುತ್ತಾ ಹರಿಯುವ ವಿದ್ಯುತ್ತನ್ನು ಅಳೆದರೆ ಎಲೆಕ್ಟ್ರಾನುಗಳ ತಾಪವೂ ದಟ್ಟಣೆಯೂ ತಿಳಿಯುತ್ತವೆ. ಅಂಥದ್ದೇ ತಂತಿ ರಾಕೆಟ್ಟಿನಲ್ಲಿ ಆಕಾಶಕ್ಕೂ ಹೋಗುತ್ತದೆ.

ಕಾಗದದ ಲೆಕ್ಕವನ್ನು ಪ್ರಯೋಗದಲ್ಲಿ ಪರೀಕ್ಷಿಸಲು ಸಾಹಾ ಲಂಡನ್ನಿನ ಫೌಲರ್ ಬಳಿಗೂ ಬರ್ಲಿನ್ನಿನ ನರ್ನ್‌ಸ್ಟ್ ಬಳಿಗೂ ಹೋದರು. 1923ರಿಂದ 15 ವರ್ಷ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದು, ಶಿಷ್ಯರೊಡನೆ ಅಯಾನುಗೋಳವನ್ನೂ ಅಭ್ಯಾಸ ಮಾಡಿದರು. ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಸಮುದ್ರ ದಾಟಿ ಕಲಬುರಗಿಯ ರೇಡಿಯೋಕ್ಕೆ ಬಂದದ್ದು ಆ ಪ್ಲಾಸ್ಮಾ ಪದರಕ್ಕೆ ಬಡಿದು ಮರಳಿಯೇ. 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್‌ಗೆ ಹಲವು ಬಾರಿ ಹೆಸರು ಹೋದರೂ ಬರಲಿಲ್ಲ.

ಮುಂದೆ ಕಲ್ಕತ್ತೆಯಲ್ಲಿ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದರು; ಇಂದು ಅದಕ್ಕೆ ಅವರದೇ ಹೆಸರು. ನದಿಗಳ ನೆರೆ ತಡೆಯುವ ಬಗ್ಗೆ ಬರೆದರು. 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಅವರು ರೂಪಿಸಿದ ಶಕ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು. ಅದನ್ನು ನೋಡಲು ಅವರಿರಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ನಡೆದು ಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದರು.

ವಾತಾವರಣದ ಮೇಲೆ ನಿಂತು ಸೂರ್ಯನನ್ನು ನೋಡಬೇಕೆಂದು ಸಾಹಾ 1937ರಲ್ಲೇ ಬರೆದಿದ್ದರು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಈಗ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದನ್ನೇ ಮಾಡುತ್ತಿದೆ. ಪ್ರಭಾವಲಯ ನೋಡುವ ಅದರ ಮುಖ್ಯ ಉಪಕರಣ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ. ಸೂರ್ಯನಿಂದ ಬೀಸಿ ಬರುವ ಪ್ಲಾಸ್ಮಾವನ್ನು ಅಳೆಯಲು ಪಾಪಾ ಎಂಬ ಬೇರೆಯೇ ಉಪಕರಣ ಅದರಲ್ಲಿದೆ.

ನಮ್ಮ ಶಾಲೆಗೆ ಐವತ್ತು ತುಂಬಿದೆ. ಈಗಲೂ ಹಳ್ಳಿ, ತಾಂಡಾಗಳ ಕೆಲವು ಮಕ್ಕಳು ತಂದೆತಾಯಿಯ ಹಿಂದೆ ಮುಂಬೈ, ಪುಣೆಗೆ ದುಡಿಯಲು ಹೋಗಿ ಹಾಜರಿ ಪುಸ್ತಕದಿಂದ ಮರೆಯಾಗುತ್ತಾರೆ. ಸಾಹಾ ಉಳಿದದ್ದು ವೈದ್ಯರೊಬ್ಬರ ಮನೆಯ ಅನ್ನದಿಂದ, ಅಣ್ಣನ ಐದು ರೂಪಾಯಿಯಿಂದ, ಶುಲ್ಕ ಕೇಳದ ಒಂದು ಜ್ಯುಬಿಲಿ ಶಾಲೆಯಿಂದ. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಒಮ್ಮೆ ಶಾಲೆಗೆ ಬಂದು, ಈ ವರ್ಷ ಬಿಟ್ಟುಹೋದ ಮಕ್ಕಳು ಯಾರೆಂದು ಗುರುಗಳನ್ನು ಕೇಳಿದರೆ ಅದಕ್ಕಿಂತ ದೊಡ್ಡ ಸುವರ್ಣ ಮಹೋತ್ಸವ ಬೇರೆ ಬೇಕಿಲ್ಲ.